ಅಗ್ಗದ ವೆಂಟಿಲೇಟರ್ ಸುರಕ್ಷಿತವೇ? ಹಂದಿಯ ಮೇಲೆ ಪರೀಕ್ಷಿಸುವ ಕ್ರಮ

ಪ್ಲಾಸ್ಟಿಕ್ ಟೆಸ್ಟ್ ಲಂಗ್ (ವೆಂಟಿಲೇಟರ್ ಪರೀಕ್ಷೆಗೆ ಬಳಸುವ ಕೃತಕ ಶ್ವಾಸಕೋಶ) ಕಾರ್ಬನ್ ಡೈಆಕ್ಸೈಡ್ ಬಿಡುವುದಿಲ್ಲ, ಅದಕ್ಕೆ ಕಫ ಕಟ್ಟುವುದಿಲ್ಲ, ಬಿಪಿ ಇಳಿಯುವುದಿಲ್ಲ. ವೆಂಟಿಲೇಟರನ್ನು ಪ್ರಾಣಿಯ ಮೇಲೆ ಪರೀಕ್ಷಿಸಬೇಕಾಗುವುದು ಮುಖ್ಯವಾಗಿ ಈ ಮೂರು ಕಾರಣಕ್ಕೆ. ಮೋಟಾರು ಎಷ್ಟು ದಿನ ಓಡುತ್ತದೆ, ಅಲಾರಂ ಕೂಗುತ್ತದೋ ಇಲ್ಲವೋ, ಕರೆಂಟು ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಹಂದಿ ಬೇಕಿಲ್ಲ, ಬೆಂಚು (ಪ್ರಯೋಗಾಲಯದ ಮೇಜಿನ ಮೇಲಿನ ಪರೀಕ್ಷೆ) ಸಾಕು. ಈ ಗೆರೆಯನ್ನು ಮೊದಲೇ ಎಳೆದುಕೊಳ್ಳದ ತಂಡಗಳು ಪ್ರಾಣಿಯನ್ನೂ ದುಡ್ಡನ್ನೂ ಕಳೆದುಕೊಂಡು, ಕೊನೆಗೆ ಒಂದು ಸಡಿಲ ಸ್ಕ್ರೂ ಪತ್ತೆಹಚ್ಚಿ ಮನೆಗೆ ಹೋಗುತ್ತವೆ.

2020ರಲ್ಲಿ ಕೋವಿಡ್ ಬಂದಾಗ ಜಗತ್ತಿನಾದ್ಯಂತ ತಯಾರಾದ ಅಗ್ಗದ ಯಂತ್ರಗಳಲ್ಲಿ ಬಹುಪಾಲು ಒಂದೇ ಜಾತಿಯವು: ಆಂಬು ಬ್ಯಾಗನ್ನು (ಕೈಯಿಂದ ಒತ್ತಿ ಉಸಿರು ಕೊಡುವ ರಬ್ಬರಿನಂಥ ಚೀಲ) ಎರಡು ತೋಳುಗಳಿಂದ ಹಿಸುಕುವ ಮೋಟಾರು, ಅದನ್ನು ಆಳುವ ಒಂದು ಸಣ್ಣ ಕಂಟ್ರೋಲರ್ ಬೋರ್ಡು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇ-ವೆಂಟ್ ಇವುಗಳಲ್ಲಿ ಹೆಸರಾದದ್ದು. ಅದರ ಮೂಲ 2010ರ ಹೊತ್ತಿನ ಒಂದು ವಿದ್ಯಾರ್ಥಿ ಪ್ರಾಜೆಕ್ಟು. 2020ರಲ್ಲಿ ಅದನ್ನು ಹಂದಿಗಳ ಮೇಲೆ ಪರೀಕ್ಷಿಸಲಾಯಿತು. ಅದೇ ವರ್ಷ ಬೆಂಗಳೂರಿನ ಬಿಇಎಲ್ ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ತಯಾರಿಸಲು ಹೊರಟಿತು, ಆದರೆ ಅದು ಐಸಿಯು ದರ್ಜೆಯ ಯಂತ್ರ, ಇಲ್ಲಿನ ಮಾತಿಗೆ ಹೊರತು. ಇಲ್ಲಿ ಹೇಳುತ್ತಿರುವುದು ಬ್ಯಾಗ್ ಹಿಸುಕುವ ಪೆಟ್ಟಿಗೆಗಳ ಬಗ್ಗೆ. ಇನ್ನು ಮುಂದೆ ಗಾಳಿಯ ಒತ್ತಡವನ್ನೆಲ್ಲ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ, ಬಿಪಿ ಮತ್ತು ರಕ್ತದ ಅನಿಲಗಳನ್ನು ಮಿಲಿಮೀಟರ್ ಪಾದರಸದಲ್ಲಿ ಕೊಟ್ಟಿದೆ.

ಆರು ಹಂದಿಗಳಲ್ಲಿ ಯಂತ್ರ ಒಮ್ಮೆಯೂ ಕೆಡಲಿಲ್ಲ ಅಂದರೆ ಯಂತ್ರ ಗಟ್ಟಿ ಅಂತಲ್ಲ. ಲೆಕ್ಕ ಹಾಕಿದರೆ, ಆರಕ್ಕೆ ಸೊನ್ನೆ ವೈಫಲ್ಯ ಕಂಡಾಗಲೂ ನಿಜವಾದ ವೈಫಲ್ಯದ ಪ್ರಮಾಣ ಶೇ. 39ರವರೆಗೆ ಇರಬಹುದು ಎಂದು 95 ಪ್ರತಿಶತ ವಿಶ್ವಾಸಮಿತಿ ಹೇಳುತ್ತದೆ. ಬಾಳಿಕೆಯನ್ನು ಹಂದಿಯಿಂದ ಸಾಬೀತು ಮಾಡಲಾಗದು.

ಮೊದಲು ಬೆಂಚು

ನಿಮಿಷಕ್ಕೆ 20 ಉಸಿರು ಅಂದರೆ ದಿನಕ್ಕೆ 28,800 ಸಲ ಬ್ಯಾಗ್ ಹಿಸುಕಬೇಕು, 14 ದಿನಕ್ಕೆ 4 ಲಕ್ಷ ದಾಟುತ್ತದೆ. ಆಂಬು ಬ್ಯಾಗು ಕೈಯಿಂದ ಒಂದಷ್ಟು ಹೊತ್ತು ಒತ್ತಲು ಮಾಡಿದ ವಸ್ತು. ಹಾಗಾಗಿ ಕನಿಷ್ಠ ಎರಡು ಯಂತ್ರಗಳನ್ನು 14 ದಿನ ನಿಲ್ಲಿಸದೆ ಓಡಿಸಿ, ಪ್ರತಿ 12 ಗಂಟೆಗೆ ಹೊರಬರುವ ಗಾಳಿಯ ಪ್ರಮಾಣ ಬರೆದುಕೊಳ್ಳಿ. ಸಾಮಾನ್ಯವಾಗಿ ಕಾಣುವ ತೊಂದರೆಗಳು ಮೂರು. ತೋಳು ಒತ್ತುವ ಜಾಗದಲ್ಲಿ ಬ್ಯಾಗು ಮೆತ್ತಗಾಗಿ ಪ್ರಮಾಣ ಇಳಿಯುತ್ತದೆ. ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರು ಹೆಚ್ಚಿನ ಭಾರಕ್ಕೆ ಒಂದೆರಡು ಹೆಜ್ಜೆ ತಪ್ಪಿಸಿ, ಆರಂಭದ ಸ್ಥಾನ ಸರಿದುಹೋಗುತ್ತದೆ. ತೋಳಿನ ಸ್ಥಾನ ಗುರುತಿಸುವ ಎಂಡ್ ಸ್ವಿಚ್ ಇಲ್ಲದಿದ್ದರೆ ಇದು ಗೊತ್ತೇ ಆಗುವುದಿಲ್ಲ. ಮೂರನೆಯದು, ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ ಮೋಟಾರಿನ ಹಿಡಿಕೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ ಮೋಟಾರು ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ.

ಟೆಸ್ಟ್ ಲಂಗಿನ ಹಿಗ್ಗುವಿಕೆಯನ್ನು 50, 20 ಮತ್ತು 10 ಮಿ.ಲೀ. ಪ್ರತಿ ಸೆಂ.ಮೀ.ಗೆ ಇಟ್ಟು, ಗಾಳಿದಾರಿಯ ಪ್ರತಿರೋಧವನ್ನು (ಸೆಕೆಂಡಿಗೆ ಒಂದು ಲೀಟರ್ ಹರಿವಿಗೆ ಬೇಕಾಗುವ ಸೆಂ.ಮೀ. ಒತ್ತಡ) 5, 20, 50ಕ್ಕೆ ಬದಲಿಸುತ್ತ ಎಲ್ಲ ಜೋಡಿಗಳಲ್ಲೂ ಅಳೆಯಿರಿ. ಯಂತ್ರದ ಪರದೆ ತೋರಿಸುವ ಒತ್ತಡ ನಿಜವಾದುದಕ್ಕಿಂತ 2 ಸೆಂ.ಮೀ. ಮತ್ತು ಅಳತೆಯ ಶೇ. 4 ಸೇರಿಸಿದಷ್ಟರ ಒಳಗೇ ತಪ್ಪಬಹುದು. ಹೊರಬಂದ ಗಾಳಿಯ ಪ್ರಮಾಣಕ್ಕೆ 4 ಮಿ.ಲೀ. ಮತ್ತು ಶೇ. 15ರ ರಿಯಾಯಿತಿ. ಐಸಿಯು ವೆಂಟಿಲೇಟರುಗಳ ಮಾನದಂಡ ಐಎಸ್‌ಒ 80601-2-12 ಕೊಡುವ ಮಿತಿ ಇದು. ಅಗ್ಗದ ಯಂತ್ರ ಅಂತ ಇಲ್ಲಿ ಸಡಿಲ ಬಿಡಬೇಡಿ.

ಕರೆಂಟಿನ ಪರೀಕ್ಷೆಯಲ್ಲಿ ಪ್ಲಗ್ ಕಿತ್ತು ನೋಡುವುದಷ್ಟೇ ಸಾಲದು. ಆಸ್ಪತ್ರೆಯಲ್ಲಿ ಕರೆಂಟು ಹೋಗಿ ಜನರೇಟರ್ ಹಿಡಿಯುವಾಗ ವೋಲ್ಟೇಜು ಕುಸಿದು, ಜಿಗಿದು, ಆಮೇಲೆ ನಿಲ್ಲುತ್ತದೆ. ಆ ಕುಸಿತಕ್ಕೆ ಕಂಟ್ರೋಲರ್ ಬೋರ್ಡು ರೀಸ್ಟಾರ್ಟ್ ಆಗಿ, ಹಳೆಯ ಸೆಟ್ಟಿಂಗು ಮರೆತು, ಕಾರ್ಖಾನೆಯ ಸೆಟ್ಟಿಂಗಿನಲ್ಲಿ ಸದ್ದಿಲ್ಲದೆ ಓಡಲು ತೊಡಗುವ ಯಂತ್ರಗಳುಂಟು. ವೋಲ್ಟೇಜು ಏರಿಸಿ ಇಳಿಸುವ ಸಾಧನ ವೇರಿಯಾಕ್ ಇಟ್ಟುಕೊಂಡು 230 ವೋಲ್ಟಿನಿಂದ 160ಕ್ಕೆ ಇಳಿಸಿ ಏರಿಸಿ, ಹತ್ತಾರು ಸಲ ನೋಡಿ.

ಇನ್ನೊಂದು, ಆಂಬು ಬ್ಯಾಗಿನ ರೋಗಿ ಬದಿಯ ವಾಲ್ವು. ಬ್ಯಾಗಿಗೆ ಆಕ್ಸಿಜನ್ ನಿಮಿಷಕ್ಕೆ 15 ಲೀಟರಿಗಿಂತ ಜಾಸ್ತಿ ಹರಿಸಿದರೆ ಕೊಕ್ಕಿನಾಕಾರದ ರಬ್ಬರು ವಾಲ್ವು ಒಳಹರಿವಿನ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು. ಆಗ ಉಸಿರು ಹೊರಬಿಡಲು ದಾರಿಯಿಲ್ಲ, ಶ್ವಾಸಕೋಶ ಉಬ್ಬುತ್ತಲೇ ಹೋಗುತ್ತದೆ. ಇದನ್ನು ಬೆಂಚಿನಲ್ಲೇ ಬೇಕೆಂದೇ ಮಾಡಿ ನೋಡಿ, ಒತ್ತಡ ಬಿಡುಗಡೆಯ ವಾಲ್ವು 40 ಸೆಂ.ಮೀ.ಗೆ ತೆರೆದುಕೊಳ್ಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಈ ವಾಲ್ವು ಸ್ಪ್ರಿಂಗಿನದ್ದಾಗಿರಬೇಕು. ಸಾಫ್ಟ್‌ವೇರ್ ನಂಬಿಕೊಂಡ ಒತ್ತಡಮಿತಿ ಒಂದೇ ಸಾಲದು.

ಉಸಿರಿನ ದಾರಿಗೆ ತಾಗುವ ಪ್ಲಾಸ್ಟಿಕ್, ಅಂಟು, ಪೇಂಟು ಎಲ್ಲದರಿಂದಲೂ ಆವಿ ಮತ್ತು ಕಣಗಳು ಬರುತ್ತವೆ. ಅದಕ್ಕೆ ಐಎಸ್‌ಒ 18562 ಪರೀಕ್ಷೆ ಪ್ರಯೋಗಾಲಯದಲ್ಲೇ ಆಗಬೇಕು, ಆರು ಗಂಟೆ ಹಂದಿಯನ್ನು ಉಸಿರಾಡಿಸಿ ಗೊತ್ತಾಗುವ ವಿಷಯವಲ್ಲ.

ಅನುಮತಿ

ಭಾರತದಲ್ಲಿ ಇದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಮತ್ತು 1998ರ ನಿಯಮಗಳಡಿ ಬರುತ್ತದೆ. ಸಂಸ್ಥೆ ಸಿಸಿಎಸ್‌ಇಎಯಲ್ಲಿ ನೋಂದಾಯಿತವಾಗಿರಬೇಕು (ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿ, ಹಳಬರು ಈಗಲೂ ಸಿಪಿಸಿಎಸ್‌ಇಎ ಅಂತಲೇ ಕರೆಯುತ್ತಾರೆ). ಪ್ರಯೋಗದ ಅನುಮತಿ ಅರ್ಜಿಯಾದ ಫಾರಂ ಬಿ ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಹೋಗುತ್ತದೆ. ಹಂದಿ ದೊಡ್ಡ ಪ್ರಾಣಿಗಳ ಸಾಲಿಗೆ ಸೇರುವುದರಿಂದ ಅಲ್ಲಿ ಮುಗಿಯದೆ ಕೇಂದ್ರ ಸಮಿತಿಯ ಒಪ್ಪಿಗೆಯೂ ಬೇಕು. ಸಮಿತಿ ಕೇಳುವ ಮೊದಲ ಪ್ರಶ್ನೆಯೇ "ಪ್ರಾಣಿಯಿಲ್ಲದೆ ಏಕೆ ಆಗುವುದಿಲ್ಲ" ಎಂಬುದು. ಬೆಂಚಿನ ವರದಿ ಪೂರ್ತಿ ಲಗತ್ತಿಸಿದ್ದರೆ ಉತ್ತರ ಕೊಡುವುದು ಸುಲಭ. ವೆಂಟಿಲೇಟರು 2017ರ ವೈದ್ಯಕೀಯ ಸಾಧನ ನಿಯಮಗಳಲ್ಲಿ ಸಿ ವರ್ಗದ ಸಾಧನ, ಆದ್ದರಿಂದ ಈ ದಾಖಲೆಗಳೇ ಮುಂದೆ ಪರವಾನಗಿಗೂ ಬೇಕಾಗುತ್ತವೆ.

ಹಂದಿಯೇ ಏಕೆ, ಎಂಥ ಹಂದಿ

30ರಿಂದ 40 ಕೆ.ಜಿ.ಯ ಹಂದಿಯ ಎದೆ, ಶ್ವಾಸಕೋಶ ಮನುಷ್ಯನದಕ್ಕೆ ಸಾಕಷ್ಟು ಹತ್ತಿರ. ವಯಸ್ಕರ ಸರ್ಕೀಟು, ವಯಸ್ಕರ ಬ್ಯಾಗು ಹಾಗೇ ಬಳಸಬಹುದು. ಬಿಳಿ ಯಾರ್ಕ್‌ಶೈರ್ ತಳಿ ಒಳ್ಳೆಯದು. ಕಪ್ಪು ನಾಟಿ ಹಂದಿಯ ಚರ್ಮದ ಮೇಲೆ ಪಲ್ಸ್ ಆಕ್ಸಿಮೀಟರ್ ಸರಿಯಾಗಿ ಕೂರದು, ಅಂಥದ್ದಾದರೆ ನಾಲಿಗೆಗೆ ಕ್ಲಿಪ್ ಹಾಕಿ. ಯಾವ ತಳಿಯಾದರೂ ಗಂಟೆಗೊಮ್ಮೆ ಕ್ಲಿಪ್ ಜಾಗ ಬದಲಿಸಿ ನಾಲಿಗೆಯನ್ನು ಒದ್ದೆಯಾಗಿಡಿ. ಒಣಗಿ ಒತ್ತಿಹೋದ ನಾಲಿಗೆ 85 ತೋರಿಸಿ ಎಲ್ಲರನ್ನೂ ಗಾಬರಿಗೊಳಿಸುತ್ತದೆ.

ಮನುಷ್ಯನಿಗಿಂತ ಬೇರೆಯಾಗಿರುವ ಎರಡು ಸಂಗತಿ ನೆನಪಿರಲಿ. ಹಂದಿಯ ಶ್ವಾಸಕೋಶದಲ್ಲಿ ಅಕ್ಕಪಕ್ಕದ ಗೂಡುಗಳ ನಡುವೆ ಗಾಳಿ ಸುತ್ತಿ ಬರುವ ದಾರಿಗಳಿಲ್ಲ. ಒಂದು ಕೊಳವೆ ಕಫಕ್ಕೆ ಮುಚ್ಚಿದರೆ ಅದರಾಚೆಯ ಭಾಗ ಪೂರ್ತಿ ಕುಸಿಯುತ್ತದೆ. ಜೊತೆಗೆ, ಬಲ ಮೇಲ್ಭಾಗದ ಹಾಲೆಗೆ ಹೋಗುವ ಕೊಳವೆ ಶ್ವಾಸನಾಳ ಕವಲೊಡೆಯುವುದಕ್ಕೂ ಮೊದಲೇ, ನಾಳದಿಂದಲೇ ನೇರ ಹೊರಡುತ್ತದೆ. ಇಟಿ ಟ್ಯೂಬನ್ನು (ಬಾಯಿಂದ ಶ್ವಾಸನಾಳಕ್ಕೆ ಇಳಿಸುವ ಕೊಳವೆ) ಒಂದಿಷ್ಟು ಆಳಕ್ಕೆ ತಳ್ಳಿದರೂ ಆ ಹಾಲೆಗೆ ಗಾಳಿ ಇಲ್ಲ. ಆಮೇಲೆ ಆಕ್ಸಿಜನ್ ಕಡಿಮೆ ಬಂತು ಅಂತ ಯಂತ್ರವನ್ನು ದೂರಿದರೆ ಅದು ಅನ್ಯಾಯ. ಬ್ರಾಂಕೋಸ್ಕೋಪ್ ಇಳಿಸಿ ಟ್ಯೂಬಿನ ತುದಿಯನ್ನು ಕಣ್ಣಾರೆ ನೋಡಿ.

ಪ್ರಾಣಿಯನ್ನು ಕನಿಷ್ಠ ಒಂದು ವಾರ ಮೊದಲೇ ತಂದು ಜಾಗಕ್ಕೆ ಹೊಂದಿಸಬೇಕು. ಕೆಮ್ಮುವ, ಮೂಗು ಸುರಿಯುವ ಹಂದಿ ಬೇಡ. ಫಾರಂ ಹಂದಿಗಳಲ್ಲಿ ಹಳೆಯ ನ್ಯುಮೋನಿಯಾದ ಕಲೆ ಸಾಮಾನ್ಯ, ಶವಪರೀಕ್ಷೆಯಲ್ಲಿ ಅದು ಯಂತ್ರದ ಗಾಯದಂತೆ ಕಂಡು ದಾರಿ ತಪ್ಪಿಸುತ್ತದೆ.

ಅರಿವಳಿಕೆ

ಇದು ಪಶುವೈದ್ಯರ ಕೆಲಸ, ಎಂಜಿನಿಯರುಗಳು ಕೈ ಹಾಕಬಾರದು. ಆದರೆ ಏಕೆ ಹೀಗೆ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಮೇವು 12 ಗಂಟೆ ನಿಲ್ಲಿಸಿ, ನೀರು ಕೊನೆಯ ಎರಡು ಮೂರು ಗಂಟೆ ಬಿಟ್ಟು ಕೊಡಬಹುದು. ಕೆಟಮಿನ್ 15ರಿಂದ 20, ಝೈಲಜಿನ್ 2 ಮಿ.ಗ್ರಾಂ. ಪ್ರತಿ ಕೆ.ಜಿ.ಗೆ, ಜೊತೆಗೆ ಅಟ್ರೋಪಿನ್ 0.04, ಎಲ್ಲ ಕುತ್ತಿಗೆಯ ಸ್ನಾಯುವಿಗೆ. ಕಿವಿಯ ಅಂಚಿನ ರಕ್ತನಾಳಕ್ಕೆ 20 ಅಥವಾ 22 ಗೇಜಿನ ಕ್ಯಾನುಲಾ. ಆಮೇಲೆ ಪ್ರೊಪೊಫಾಲ್ 2ರಿಂದ 4 ಮಿ.ಗ್ರಾಂ. ಪ್ರತಿ ಕೆ.ಜಿ.ಗೆ ನಿಧಾನವಾಗಿ.

ಬ್ಯಾಗ್ ಹಿಸುಕುವ ಯಂತ್ರಕ್ಕೆ ಅರಿವಳಿಕೆ ಆವಿಯ ಸಲಕರಣೆ ಜೋಡಿಸಲಾಗದು, ಹೊರಬಿಡುವ ಗಾಳಿ ನೇರ ಕೋಣೆಗೇ ಹೋಗುತ್ತದೆ. ಹಾಗಾಗಿ ಇಡೀ ಪ್ರಯೋಗ ರಕ್ತನಾಳದ ಮೂಲಕ ಕೊಡುವ ಔಷಧದಲ್ಲೇ ನಡೆಯಬೇಕು: ಪ್ರೊಪೊಫಾಲ್ ಗಂಟೆಗೆ 8ರಿಂದ 15 ಮಿ.ಗ್ರಾಂ. ಪ್ರತಿ ಕೆ.ಜಿ.ಗೆ, ಫೆಂಟನಿಲ್ ಗಂಟೆಗೆ 5ರಿಂದ 20 ಮೈಕ್ರೋಗ್ರಾಂ ಪ್ರತಿ ಕೆ.ಜಿ.ಗೆ. ಹೋಲಿಕೆಗಿಟ್ಟ ಯಂತ್ರದಲ್ಲೂ ಅದೇ ಔಷಧ. ಒಂದರಲ್ಲಿ ಐಸೋಫ್ಲುರೇನ್, ಇನ್ನೊಂದರಲ್ಲಿ ಪ್ರೊಪೊಫಾಲ್ ಕೊಟ್ಟರೆ ಬಿಪಿಯ ವ್ಯತ್ಯಾಸ ಯಂತ್ರದ್ದೋ ಔಷಧದ್ದೋ ತಿಳಿಯದು. ಸ್ನಾಯು ಸಡಿಲಿಸುವ ಔಷಧ ಬೇಕಾದರೆ, ಅದಿಲ್ಲದೆ ಕನಿಷ್ಠ ಅರ್ಧ ಗಂಟೆ ಗೊರಸಿನ ನಡುವೆ ಹಿಸುಕಿದರೂ ಮಿಸುಕಾಡದಷ್ಟು ಆಳದ ಅರಿವಳಿಕೆ ಇದೆ ಎಂದು ಖಾತ್ರಿಯಾದ ಮೇಲೇ ಕೊಡಿ.

ಇಟಿ ಟ್ಯೂಬ್ ಇಳಿಸುವುದು ಹಂದಿಯಲ್ಲಿ ಕಷ್ಟ. ಮೂತಿ ಉದ್ದ, ಬಾಯಿ ಹೆಚ್ಚು ತೆರೆಯದು, ಧ್ವನಿಪೆಟ್ಟಿಗೆ ಬಲುಬೇಗ ಬಿಗಿದುಕೊಳ್ಳುತ್ತದೆ. ಉದ್ದನೆಯ ನೇರ ಬ್ಲೇಡು ಬೇಕು. ಲಿಗ್ನೋಕೇನ್ ಸ್ಪ್ರೇ ಹೊಡೆದು ಒಂದು ನಿಮಿಷ ಕಾಯಿರಿ. ಟ್ಯೂಬು 6.5ರಿಂದ 7.5 ಅಳತೆಯದು, ಕಫ್ (ಗಾಳಿ ತುಂಬಿ ಸೋರಿಕೆ ತಡೆಯುವ ಪಟ್ಟಿ) ಇರುವಂಥದ್ದು. ಧ್ವನಿಪೆಟ್ಟಿಗೆ ದಾಟಿದ ಮೇಲೆ ತುದಿ ತಡೆದರೆ ಬಲವಾಗಿ ತಳ್ಳಬೇಡಿ, ಅರ್ಧ ಸುತ್ತು ತಿರುಗಿಸಿದರೆ ಜಾರಿ ಒಳಹೋಗುತ್ತದೆ. ಕಫ್ ಒತ್ತಡ 25 ಸೆಂ.ಮೀ. ಇರಲಿ, ಅಳೆದೇ ಇಡಿ. ಕಫ್ ಸೋರಿದರೆ ಪ್ರಮಾಣದ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಹಂದಿಗಳಲ್ಲಿ ಮಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ, ಮೈ ಒಮ್ಮೆಲೇ ಕಾದು ಸ್ನಾಯು ಬಿಗಿಯುವ ವಂಶವಾಹಿ ತೊಂದರೆಯುಂಟು, ಅರಿವಳಿಕೆ ಆವಿ, ಸಕ್ಸಿನೈಲ್‌ಕೋಲಿನ್, ಕೆಲವೊಮ್ಮೆ ಬರೀ ಗಾಬರಿಯೂ ಅದನ್ನು ಕೆರಳಿಸಬಹುದು. ಮೊದಲ ಲಕ್ಷಣವೇ ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಏರುವುದು. ಹಾಗಾಗಿ ಸಿಒ2 ಏರಿದಾಗ "ಯಂತ್ರ ಸಾಲುತ್ತಿಲ್ಲ" ಎಂದು ತೀರ್ಮಾನಿಸುವ ಮುನ್ನ ಉಷ್ಣತೆ, ದವಡೆಯ ಬಿಗಿತ ನೋಡಿ. ಹಂದಿಗೆ 38.5ರಿಂದ 39.5 ಡಿಗ್ರಿ ಸಹಜ. ಅರಿವಳಿಕೆಯಲ್ಲಿ ಅದು ಇಳಿಯುವುದು ರೂಢಿ, ಏರಿದರೆ ಅನುಮಾನ.

ಅಳೆಯುವ ಸಾಧನ ಯಂತ್ರದ್ದಾಗಬಾರದು

ಪರೀಕ್ಷೆಯಲ್ಲಿರುವ ಯಂತ್ರದ ಸೆನ್ಸರನ್ನೇ ನಂಬಿ ಅದರ ಸುರಕ್ಷತೆ ಹೇಳುವುದು ಕಳ್ಳನನ್ನೇ ಕಾವಲಿಗಿಟ್ಟಂತೆ. ಟ್ಯೂಬಿನ ಬಾಯಲ್ಲೇ ಪ್ರತ್ಯೇಕ ಫ್ಲೋ ಸೆನ್ಸರು, ಒತ್ತಡದ ಸೆನ್ಸರು, ಉಸಿರಿನ ಸಿಒ2 ಅಳೆಯುವ ಕ್ಯಾಪ್ನೋಗ್ರಾಫ್ ಇರಲಿ. ದಾಖಲೆ ಸೆಕೆಂಡಿಗೆ ಕನಿಷ್ಠ 100 ಸಲ. ಜೋಡಿಸುವ ಕ್ರಮ: ಇಟಿ ಟ್ಯೂಬು, ಎಚ್‌ಎಂಇ (ಉಸಿರಿನ ಬಿಸಿ, ತೇವ ಹಿಡಿದಿಡುವ) ಫಿಲ್ಟರು, ಫ್ಲೋ ಸೆನ್ಸರು, ಕ್ಯಾಪ್ನೋಗ್ರಾಫ್, ಆಮೇಲೆ ಯಂತ್ರದ ವಾಲ್ವು. ಫಿಲ್ಟರ್ ಮುಂದಿದ್ದರೆ ಸೆನ್ಸರಿನೊಳಗೆ ನೀರು ಕಟ್ಟುವುದಿಲ್ಲ. ಆದರೆ ದೊಡ್ಡ ಎಚ್‌ಎಂಇಯೊಳಗೆ 60ರಿಂದ 90 ಮಿ.ಲೀ. ಗಾಳಿ ಸುಮ್ಮನೆ ನಿಲ್ಲುತ್ತದೆ, ಮಕ್ಕಳ ಅಳತೆಯದ್ದನ್ನು ಆರಿಸಿ.

ಬೆಳಿಗ್ಗೆ ಕ್ಯಾಲಿಬ್ರೇಷನ್ ಮಾಡಲೇಬೇಕು. 1 ಲೀಟರಿನ ಸಿರಿಂಜಿನಿಂದ ನಿಧಾನ, ಮಧ್ಯಮ, ವೇಗ ಹೀಗೆ ಮೂರು ಬಗೆಯಲ್ಲಿ ಐದೈದು ಸಲ ತಳ್ಳಿ, ಶೇ. 3ರೊಳಗೆ ಬರಬೇಕು. ಒತ್ತಡಕ್ಕೆ ಯು ಆಕಾರದ ನೀರಿನ ಕೊಳವೆಗಿಂತ ನಂಬಿಕಸ್ಥ ಸಾಧನ ಇನ್ನೊಂದಿಲ್ಲ: 0, 10, 20, 30, 40. ಫ್ಲೈಶ್ ಮಾದರಿಯ ಸೆನ್ಸರಾದರೆ ಒಂದು ಬಲೆಯುಂಟು. ಅದು ಗಾಳಿಯ ಜಿಗುಟುತನದ ಮೇಲೆ ಅಳೆಯುವ ಸಾಧನ, ಶುದ್ಧ ಆಕ್ಸಿಜನ್ನಿನ ಜಿಗುಟುತನ ಗಾಳಿಗಿಂತ ಸುಮಾರು ಶೇ. 12 ಹೆಚ್ಚು. ಗಾಳಿಯಲ್ಲಿ ಹೊಂದಿಸಿ ಆಕ್ಸಿಜನ್ನಿನಲ್ಲಿ ಅಳೆದರೆ 300 ಮಿ.ಲೀ. 336 ಆಗಿ ಕಾಣುತ್ತದೆ. ಬಳಸುವ ಅನಿಲದಲ್ಲೇ ಹೊಂದಿಸಿ.

ರಕ್ತದ ಒತ್ತಡಕ್ಕೆ ತೊಡೆಯ ಅಪಧಮನಿಯಲ್ಲಿ ಲೈನು, ಎಬಿಜಿಗೂ (ರಕ್ತದ ಅನಿಲಗಳ ಪರೀಕ್ಷೆ) ರಕ್ತ ಅಲ್ಲಿಂದಲೇ. ಎಬಿಜಿ ಯಂತ್ರ 37 ಡಿಗ್ರಿ ಎಂದುಕೊಂಡೇ ಲೆಕ್ಕ ಕೊಡುತ್ತದೆ. ಹಂದಿಯ ಉಷ್ಣತೆ ಹಾಕುವುದೋ ಬಿಡುವುದೋ ಮೊದಲೇ ತೀರ್ಮಾನಿಸಿ ಕೊನೆವರೆಗೂ ಅದನ್ನೇ ಪಾಲಿಸಿ.

ಬೆಂಗಳೂರಿನಲ್ಲಿ ಪ್ರಯೋಗ ಮಾಡುವವರು ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ 920 ಮೀಟರ್ ಮೇಲೆ ವಾತಾವರಣದ ಒತ್ತಡ ಸುಮಾರು 685 ಮಿಲಿಮೀಟರ್ ಪಾದರಸ, ಸಮುದ್ರದ ಬದಿಯ ಮಂಗಳೂರಿನಲ್ಲಿ 760ರ ಹತ್ತಿರ. ಬರೀ ಗಾಳಿ ಉಸಿರಾಡುವಾಗ ಶ್ವಾಸಕೋಶದ ಗೂಡಿನೊಳಗೆ ಆಕ್ಸಿಜನ್ ಇಲ್ಲಿ 84ರಷ್ಟು, ಅಲ್ಲಿ 100ರಷ್ಟು. ಪುಸ್ತಕದ ಪಿ/ಎಫ್ (ರಕ್ತದ ಆಕ್ಸಿಜನ್ ಒತ್ತಡವನ್ನು, ಉಸಿರಿಗೆ ಕೊಟ್ಟ ಆಕ್ಸಿಜನ್ನಿನ ಪಾಲಿನಿಂದ ಭಾಗಿಸಿದ ಅಂಕಿ) ಮಿತಿ 300 ಎಂದಿದ್ದರೆ ಇಲ್ಲಿ ಅದನ್ನು 0.9ರಿಂದ ಗುಣಿಸಿ 270 ಎಂದು ಓದಿಕೊಳ್ಳಬೇಕು.

ನಿಲ್ಲಿಸುವ ಗೆರೆ

ಕೆಳಗಿನವುಗಳಲ್ಲಿ ಒಂದಾದರೂ ಸರಿ, ಚರ್ಚೆಯಿಲ್ಲದೆ ಹಂದಿಯನ್ನು ಆಸ್ಪತ್ರೆಯ ವೆಂಟಿಲೇಟರಿಗೆ ಬದಲಿಸಬೇಕು. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ:

- ಆಕ್ಸಿಜನ್ ಮಟ್ಟ ಶೇ. 88ಕ್ಕಿಂತ ಕೆಳಗೆ 60 ಸೆಕೆಂಡು
- ಸರಾಸರಿ ಬಿಪಿ 55ಕ್ಕಿಂತ ಕೆಳಗೆ 2 ನಿಮಿಷ
- ಗರಿಷ್ಠ ಒತ್ತಡ ಸತತ ಮೂರು ಉಸಿರಿಗೆ 40 ದಾಟಿದರೆ, ಅಥವಾ ತಡೆಹಿಡಿದ ಒತ್ತಡ (ಒಳಉಸಿರಿನ ಕೊನೆಗೆ ಹರಿವು ನಿಲ್ಲಿಸಿ ಅಳೆದದ್ದು) 30 ದಾಟಿದರೆ
- ರಕ್ತದ ಪಿಎಚ್ 7.20ಕ್ಕಿಂತ ಕಡಿಮೆ
- ಒಂದು ಬದಿಯ ಎದೆ ಏಳದೆ, ಬಿಪಿ ಒಮ್ಮೆಲೇ ಕುಸಿದರೆ. ಎದೆಯೊಳಗೆ ಗಾಳಿ ಸೋರಿರಬಹುದು, ಅದನ್ನು ಹೊರಬಿಡಲು 14 ಗೇಜಿನ ಸೂಜಿ ಕೈಗೆಟುಕುವಂತಿರಲಿ

ಆಸ್ಪತ್ರೆಯ ವೆಂಟಿಲೇಟರು ಟೆಸ್ಟ್ ಲಂಗಿಗೆ ಜೋಡಿಸಿ ಪಕ್ಕದಲ್ಲೇ ಓಡುತ್ತಿರಬೇಕು. ಬದಲಿಸಲು 10 ಸೆಕೆಂಡು ಮೀರಬಾರದು, ಹಿಂದಿನ ದಿನ ಅಭ್ಯಾಸ ಮಾಡಿ. ಕೈಯಿಂದ ಒತ್ತಲು ಇನ್ನೊಂದು ಆಂಬು ಬ್ಯಾಗು ಪ್ರತ್ಯೇಕವಾಗಿರಲಿ. ನಿಲ್ಲಿಸುವ ಅಧಿಕಾರ ಪಶುವೈದ್ಯರದು. ಯಂತ್ರ ತಯಾರಿಸಿದವರು ಕೋಣೆಯಲ್ಲಿರಬಹುದು, ಆದರೆ "ಇನ್ನೊಂದು ನಿಮಿಷ ನೋಡೋಣ" ಎನ್ನುವ ಹಕ್ಕು ಅವರಿಗಿಲ್ಲ.

ಆರೋಗ್ಯವಂತ ಶ್ವಾಸಕೋಶದಲ್ಲಿ

ಒಂದೇ ಹಂದಿಗೆ ಎರಡೂ ಯಂತ್ರ, ಸರದಿ ಚೀಟಿ ಎತ್ತಿ. ಹೀಗೆ ಮಾಡಿದರೆ ಆರು ಪ್ರಾಣಿಗಳಲ್ಲೇ ಹೋಲಿಕೆ ಗಟ್ಟಿಯಾಗುತ್ತದೆ. ಮೊದಲು ಆಸ್ಪತ್ರೆಯ ಯಂತ್ರದಲ್ಲಿ 30 ನಿಮಿಷ ಸ್ಥಿರಗೊಳಿಸಿ. 35 ಕೆ.ಜಿ.ಯ ಹಂದಿಗೆ ಕೆ.ಜಿ.ಗೆ 8 ಮಿ.ಲೀ.ನಂತೆ 280 ಮಿ.ಲೀ., ನಿಮಿಷಕ್ಕೆ 20 ಉಸಿರು, ಪೀಪ್ (ಹೊರಉಸಿರಿನ ಕೊನೆಗೆ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5, ಆಕ್ಸಿಜನ್ ಶೇ. 40. ಸಿಒ2 35ರಿಂದ 45ರೊಳಗೆ ಬರುವಂತೆ ಉಸಿರಿನ ವೇಗ ಹೊಂದಿಸಿ. ಆಮೇಲೆ ಅದೇ ಸೆಟ್ಟಿಂಗಿನಲ್ಲಿ, ಚೀಟಿಯ ಸರದಿಯಂತೆ ಒಂದೊಂದು ಯಂತ್ರದಲ್ಲೂ 60 ನಿಮಿಷ. ಎಬಿಜಿ 0, 15, 30, 60ನೇ ನಿಮಿಷಕ್ಕೆ. ಎರಡು ಯಂತ್ರಗಳ ನಡುವೆ ಒಮ್ಮೆ 30 ಸೆಂ.ಮೀ. ಒತ್ತಡವನ್ನು 30 ಸೆಕೆಂಡು ಹಿಡಿದು ಕುಸಿದ ಭಾಗಗಳನ್ನು ತೆರೆಯಿರಿ, ಇಲ್ಲವಾದರೆ ಎರಡನೆಯ ಸರದಿಗೆ ಬಂದ ಯಂತ್ರಕ್ಕೆ ಮೊದಲಿನದರ ಪಾಪ ಸುತ್ತಿಕೊಳ್ಳುತ್ತದೆ.

ಬಳಿಕ ಸೆಟ್ಟಿಂಗುಗಳನ್ನು ಒಂದೊಂದಾಗಿ ಬದಲಿಸಿ: ಕೆ.ಜಿ.ಗೆ 6 ಮತ್ತು 10 ಮಿ.ಲೀ., ಉಸಿರು 12ರಿಂದ 30, ಪೀಪ್ 10, ಒಳ-ಹೊರ ಉಸಿರಿನ ಅನುಪಾತ 1:1. ಒತ್ತಡ, ಪ್ರಮಾಣಗಳ ಅಳತೆಗೆ 5 ನಿಮಿಷ ಸಾಕು. ಸಿಒ2 ನೋಡಬೇಕಾದರೆ 30 ನಿಮಿಷ ಕೊಡಿ. ಮೈಯೊಳಗಿನ ಸಿಒ2 ದಾಸ್ತಾನು ದೊಡ್ಡದು, ಹತ್ತೇ ನಿಮಿಷಕ್ಕೆ ತೆಗೆದ ಎಬಿಜಿ ಕೆಟ್ಟ ಯಂತ್ರವನ್ನೂ ಚೆಂದ ತೋರಿಸುತ್ತದೆ.

ಈ ಹಂತದಲ್ಲಿ ಹೆಚ್ಚು ಯಂತ್ರಗಳು ಎಡವುವುದು ಒಂದೇ ಕಡೆ, ವಾಲ್ವು ಇಟ್ಟ ಜಾಗದಲ್ಲಿ. ಬ್ಯಾಗು ಪೆಟ್ಟಿಗೆಯೊಳಗಿದೆ, ಅದರ ವಾಲ್ವನ್ನೂ ಬ್ಯಾಗಿನ ಬಾಯಲ್ಲೇ ಬಿಟ್ಟು, ಅಲ್ಲಿಂದ ರೋಗಿಯವರೆಗೆ ಒಂದೇ ಕೊಳವೆ ಎಳೆದಿದ್ದಾರೆ ಎನ್ನಿ. 22 ಮಿ.ಮೀ. ಕೊಳವೆ ಮೀಟರಿಗೆ ಸುಮಾರು 380 ಮಿ.ಲೀ. ಹಿಡಿಯುತ್ತದೆ, ಒಂದೂವರೆ ಮೀಟರಿಗೆ 570. ಹಂದಿಗೆ ಪ್ರತಿ ಉಸಿರಿಗೆ ಹೋಗುವುದು 280. ಅಂದರೆ ಪ್ರಾಣಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದೆ, ಹೊಸ ಗಾಳಿ ಅದರ ಬಾಯಿ ತನಕ ತಲುಪುವುದೇ ಇಲ್ಲ. ಟೆಸ್ಟ್ ಲಂಗಿನಲ್ಲಿ ಇದೇ ಜೋಡಣೆ 280 ಮಿ.ಲೀ.ಗೆ 280 ತೋರಿಸಿ ಪಾಸಾಗಿರುತ್ತದೆ. ಕ್ಯಾಪ್ನೋಗ್ರಾಫ್ ಮಾತ್ರ ಕೆಲವೇ ಉಸಿರಿನಲ್ಲಿ ಹೇಳುತ್ತದೆ: ಒಳಉಸಿರಿನಲ್ಲಿ ಸೊನ್ನೆಗೆ ಇಳಿಯಬೇಕಾದ ಗೆರೆ ಇಳಿಯದೆ ತೇಲತೊಡಗುತ್ತದೆ. ಆ ತೇಲಿಕೆ ಕಂಡ ತಕ್ಷಣ ಯಂತ್ರ ಬದಲಿಸಿ, ಎಬಿಜಿಗೆ ಕಾಯಬೇಡಿ. ಪರಿಹಾರ ಸರಳ, ವಾಲ್ವನ್ನು ರೋಗಿಯ ಬಾಯಿಗೆ ತನ್ನಿ, ಅಥವಾ ಒಳಗೆ ಹೊರಗೆ ಎರಡು ಕೊಳವೆ ಮಾಡಿ.

ವಾಲ್ವು ಬಾಯಿಗೆ ಬಂದರೂ ಆ ಉದ್ದ ಕೊಳವೆ ಹಿಗ್ಗುತ್ತದೆ. ಪ್ರತಿ ಸೆಂ.ಮೀ. ಒತ್ತಡಕ್ಕೆ 2 ಮಿ.ಲೀ. ಎಂದು ಹಿಡಿದರೂ 25 ಒತ್ತಡದಲ್ಲಿ 50 ಮಿ.ಲೀ. ಕೊಳವೆಯಲ್ಲೇ ಉಳಿಯುತ್ತದೆ. ಪೆಟ್ಟಿಗೆಯ ಬಳಿ ಅಳೆದ 280, ಹಂದಿಯ ಬಾಯಲ್ಲಿ 230.

ಗಾಯಗೊಂಡ ಶ್ವಾಸಕೋಶದಲ್ಲಿ

ಆರೋಗ್ಯವಂತ ಹಂದಿಯನ್ನು ಎಂಥ ಪಂಪಿನಿಂದಲೂ ಒಂದೆರಡು ಗಂಟೆ ಬದುಕಿಸಿಡಬಹುದು. ಯಂತ್ರ ಬೇಕಾಗುವುದು ಬಿಗಿದುಕೊಂಡ ಶ್ವಾಸಕೋಶಕ್ಕೆ. ಎಆರ್‌ಡಿಎಸ್ (ಶ್ವಾಸಕೋಶ ತೀವ್ರವಾಗಿ ಕೆಟ್ಟು ರಕ್ತಕ್ಕೆ ಆಕ್ಸಿಜನ್ ಸಾಲದ ಸ್ಥಿತಿ) ಮಾದರಿ ಮಾಡಲು ಹೆಚ್ಚು ಬಳಕೆಯಲ್ಲಿರುವುದು ಸಲೈನಿನಿಂದ ತೊಳೆಯುವ ವಿಧಾನ, 1980ರಿಂದ ಚಾಲ್ತಿಯಲ್ಲಿದೆ. ಆಸ್ಪತ್ರೆಯ ಯಂತ್ರದಲ್ಲಿ ಶೇ. 100 ಆಕ್ಸಿಜನ್ ಕೊಟ್ಟುಕೊಂಡು, ಫ್ಲೋ ಸೆನ್ಸರು ಬಿಚ್ಚಿಟ್ಟು (ನೀರು ನುಗ್ಗಿದರೆ ಅದರ ಕಥೆ ಮುಗಿಯಿತು), ಕೆ.ಜಿ.ಗೆ 30 ಮಿ.ಲೀ. ಬೆಚ್ಚಗಿನ ಸಲೈನನ್ನು ಆಲಿಕೆಯಿಂದ ಟ್ಯೂಬಿನೊಳಗೆ ಸುರಿದು, ಕೆಳಗೆ ಬಗ್ಗಿಸಿ ಹೊರಹರಿಸಬೇಕು. ನೊರೆನೊರೆಯಾಗಿ ಬರುವುದು ಸರ್ಫ್ಯಾಕ್ಟಂಟ್, ಶ್ವಾಸಕೋಶದ ಗೂಡುಗಳು ಕುಸಿಯದಂತೆ ತಡೆಯುವ ಲೇಪ. ಐದು ನಿಮಿಷ ಸುಧಾರಿಸಲು ಬಿಟ್ಟು ಮತ್ತೆ. ಪಿ/ಎಫ್ 200ರ ಕೆಳಗೆ ಇಳಿದು, 30ರಿಂದ 60 ನಿಮಿಷ ಅಲ್ಲೇ ನಿಂತರೆ ಮಾದರಿ ಸಿದ್ಧ. 100ರ ತನಕ ಇಳಿಸುವುದು ವಾಡಿಕೆ. ಸುರಕ್ಷತೆಯ ಪ್ರಶ್ನೆಗೆ ಅಷ್ಟು ಬೇಡ, ಮಧ್ಯಮ ಗಾಯದಲ್ಲೇ ಯಂತ್ರದ ಹಣೆಬರಹ ಗೊತ್ತಾಗುತ್ತದೆ.

ತೊಳೆದ ಶ್ವಾಸಕೋಶ ಪೀಪ್ ಕೊಟ್ಟರೆ ಬೇಗ ತೆರೆದುಕೊಳ್ಳುತ್ತದೆ, ಪೀಪ್ ತಪ್ಪಿದರೆ ಅಷ್ಟೇ ಬೇಗ ಕುಸಿಯುತ್ತದೆ. ಅಗ್ಗದ ಯಂತ್ರದ ಸ್ಪ್ರಿಂಗ್ ಪೀಪ್ ವಾಲ್ವು 10ಕ್ಕೆ ಇಟ್ಟರೂ ಉಸಿರಿನ ಕೊನೆಗೆ 6ಕ್ಕೆ ಸೋರಿರುತ್ತದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಗರಿಷ್ಠ ಒತ್ತಡ 30 ದಾಟುವುದರಿಂದ ಮೋಟಾರಿನ ತಾಕತ್ತೂ ಬಯಲಾಗುತ್ತದೆ: ಬ್ಯಾಗ್ ಒತ್ತುವ ತೋಳು ಪೂರ್ತಿ ಹೋಗದೆ ಪ್ರಮಾಣ ಕಡಿಮೆಯಾಗಿ, ಪರದೆ ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ಈ ಹಂತಕ್ಕೆ ಆಕ್ಸಿಜನ್ ಮಟ್ಟದ ನಿಲುಗಡೆ ಮಿತಿ, ಪೀಪ್, ಆಕ್ಸಿಜನ್ ಪ್ರಮಾಣಗಳನ್ನು ಅನುಮತಿ ಅರ್ಜಿಯಲ್ಲೇ ಬೇರೆಯಾಗಿ ಬರೆದಿರಬೇಕು.

ಬೇಕೆಂದೇ ಕೆಡಿಸುವುದು

ಅಲಾರಂ ಕೂಗುತ್ತದೆಂದು ಬೆಂಚಿನಲ್ಲೇ ಖಾತ್ರಿಯಾದ ಮೇಲೂ ಹಂದಿಯ ಮೇಲೆ ಮಾಡಬೇಕಾದ ವೈಫಲ್ಯ ಪರೀಕ್ಷೆಗಳು ಕೆಲವೇ. ಕೊಳವೆ ಕಳಚುವುದು, ಕೊಳವೆ ಅರ್ಧ ಮಡಚುವುದು, ಕಫ್ ಸಡಿಲಿಸಿ ಸೋರಿಸುವುದು, ಆಕ್ಸಿಜನ್ ಸಿಲಿಂಡರು ಮುಚ್ಚುವುದು. ಒಂದೊಂದಕ್ಕೂ 20 ಸೆಕೆಂಡು ಮಿತಿ, ಆಕ್ಸಿಜನ್ ಸಿಲಿಂಡರಿನದಕ್ಕೆ 2 ನಿಮಿಷ. ಎರಡರ ನಡುವೆ 10 ನಿಮಿಷ ಬಿಡುವು. ಮೊಬೈಲಿನಲ್ಲಿ ವಿಡಿಯೋ ಹಿಡಿದರೆ ಅಲಾರಂ ಎಷ್ಟನೇ ಸೆಕೆಂಡಿಗೆ ಕೂಗಿತೆಂದು ಆಮೇಲೆ ಲೆಕ್ಕ ಹಾಕಬಹುದು. ಕಳಚಿದ ಟ್ಯೂಬಿನ ತುದಿ ಹಾಸಿಗೆಗೆ ಒತ್ತಿಕೊಂಡರೆ ಒತ್ತಡ ಉಳಿದು ಅಲಾರಂ ಕೂಗದೇ ಇರಬಹುದು, ಆಸ್ಪತ್ರೆಯಲ್ಲಿ ಆಗುವುದೂ ಹೀಗೆಯೇ, ಅದನ್ನೂ ಮಾಡಿ ನೋಡಿ. ಪೂರ್ತಿ ಮುಚ್ಚಿದ ಕೊಳವೆ, ಅಂಟಿದ ವಾಲ್ವು, ಹುಚ್ಚೆದ್ದ ಸಾಫ್ಟ್‌ವೇರು ಇವೆಲ್ಲ ಬೆಂಚಿಗೆ ಮೀಸಲು.

ದೀರ್ಘ ಓಟ ಮತ್ತು ಶವಪರೀಕ್ಷೆ

ಒಂದೇ ಹಂದಿಗೆ ಎರಡು ಯಂತ್ರ ಹಾಕಿದರೆ ಶ್ವಾಸಕೋಶದ ಗಾಯ ಯಾರದ್ದೆಂದು ಹೇಳಲಾಗದು. ಗಾಯ ನೋಡುವ ಉದ್ದೇಶವಿದ್ದರೆ ಬೇರೆ ಗುಂಪುಗಳು ಬೇಕು, ಒಂದಕ್ಕೆ ಪರೀಕ್ಷೆಯ ಯಂತ್ರ, ಇನ್ನೊಂದಕ್ಕೆ ಆಸ್ಪತ್ರೆಯದು, ಕನಿಷ್ಠ 6 ಗಂಟೆ. ರಿಂಗರ್ ಲ್ಯಾಕ್ಟೇಟ್ ಗಂಟೆಗೆ ಕೆ.ಜಿ.ಗೆ 5 ಮಿ.ಲೀ. ಸಾಕು, ಹೆಚ್ಚು ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಯಂತ್ರದ ತಪ್ಪಿನಂತೆ ಕಾಣುತ್ತದೆ. ಮೊದಲೆರಡು ಗಂಟೆ ಚೆನ್ನಾಗಿದ್ದು ನಾಲ್ಕನೇ ಗಂಟೆಯಿಂದ ಗರಿಷ್ಠ ಒತ್ತಡ ಏರುತ್ತ, ತಡೆಹಿಡಿದ ಒತ್ತಡ ಹಾಗೇ ಉಳಿದರೆ ದಾರಿಯಲ್ಲೇ ತಡೆ ಇದೆ ಎಂದರ್ಥ: ಒದ್ದೆಯಾದ ಎಚ್‌ಎಂಇ, ಇಲ್ಲವೇ ಟ್ಯೂಬಿನಲ್ಲಿ ಒಣಗಿದ ಕಫ. ಎರಡೂ ಒಟ್ಟಿಗೆ ಏರಿದರೆ ಶ್ವಾಸಕೋಶವೇ ಬಿಗಿಯುತ್ತಿದೆ.

ಕೊನೆಗೆ ಆಳವಾದ ಅರಿವಳಿಕೆಯಲ್ಲೇ ಥಯೋಪೆಂಟೋನ್ ಅಥವಾ ಪೆಂಟೋಬಾರ್ಬಿಟಾಲ್ ಅಧಿಕ ಪ್ರಮಾಣದಲ್ಲಿ ಕೊಟ್ಟು ಪ್ರಾಣಿಯನ್ನು ಕೊನೆಗಾಣಿಸಬೇಕು. ಎದೆ ತೆರೆಯುವ ಮುನ್ನವೇ ಶ್ವಾಸಕೋಶಕ್ಕೆ ಗಾಳಿ ತುಂಬಿ ಟ್ಯೂಬನ್ನು ಕ್ಲಾಂಪ್ ಮಾಡಿ, ಇಲ್ಲದಿದ್ದರೆ ಎಲ್ಲ ಭಾಗವೂ ಕುಸಿದು ಒಂದೇ ರೀತಿ ಕೆಂಪಾಗುತ್ತದೆ. ಪ್ರತಿ ಹಾಲೆಯ ಬೆನ್ನಿನ ಬದಿ ಮತ್ತು ಎದೆಯ ಬದಿಯಿಂದ ತುಂಡುಗಳನ್ನು ತೆಗೆಯಿರಿ. ಅಂಗಾತ ಮಲಗಿಸಿದ ಹಂದಿಯ ಬೆನ್ನಿನ ಬದಿ ಯಾವ ಯಂತ್ರದಲ್ಲಾದರೂ ಕುಸಿದೇ ಇರುತ್ತದೆ, ಅದಕ್ಕೇ ಹೋಲಿಕೆ ಗುಂಪು. ಒಂದು ತುಂಡನ್ನು ತೂಗಿ, 60 ಡಿಗ್ರಿಯ ಓವನ್ನಿನಲ್ಲಿ ತೂಕ ಬದಲಾಗದ ತನಕ, ಸುಮಾರು 72 ಗಂಟೆ ಒಣಗಿಸಿ ಮತ್ತೆ ತೂಗಿದರೆ ಒದ್ದೆ-ಒಣ ಅನುಪಾತ ಸಿಗುತ್ತದೆ. ಆರೋಗ್ಯವಂತದಲ್ಲಿ ಅದು 5ರ ಆಸುಪಾಸು. ಮೈಕ್ರೋಸ್ಕೋಪಿನಲ್ಲಿ ನೋಡುವವರಿಗೆ ಗಾಜಿನ ಮೇಲೆ ಸಂಖ್ಯೆ ಮಾತ್ರ ಕಾಣಲಿ, ಯಾವ ಯಂತ್ರ ಎಂಬುದು ಕಾಣಬಾರದು. ಇಟಿ ಟ್ಯೂಬನ್ನೂ ಉದ್ದಕ್ಕೆ ಸೀಳಿ ನೋಡಿ: ಪ್ಲಾಸ್ಟಿಕ್ ಪುಡಿ, ರಬ್ಬರಿನ ಚೂರು, ಗ್ರೀಸು ಏನೇ ಕಂಡರೂ ಫೋಟೋ ಸಮೇತ ದಾಖಲಿಸಿ.

ವರದಿಯಲ್ಲಿ ಯಂತ್ರದ ಆವೃತ್ತಿ, ಸಾಫ್ಟ್‌ವೇರಿನ ಆವೃತ್ತಿ, ಬ್ಯಾಗಿನ ಮತ್ತು ವಾಲ್ವಿನ ತಯಾರಕರ ಮಾದರಿ ಸಂಖ್ಯೆ ಕಡ್ಡಾಯ. ಪ್ರಯೋಗ ಮುಗಿದ ಮೇಲೆ ಸಾಫ್ಟ್‌ವೇರಿನಲ್ಲಿ ಒಂದು ಸಾಲು ತಿದ್ದಿದರೂ ಬೆಂಚಿನ ಪರೀಕ್ಷೆಗಳನ್ನೆಲ್ಲ ಮೊದಲಿಂದ ಮಾಡಬೇಕು. ವಾಲ್ವನ್ನೋ ಕೊಳವೆಯನ್ನೋ ಬದಲಿಸಿದರೆ ಕ್ಯಾಪ್ನೋಗ್ರಾಫಿನ ಪರೀಕ್ಷೆಯೂ ಮತ್ತೆ ಆಗಬೇಕು. ಅದಕ್ಕೆ ಇನ್ನೊಂದು ಹಂದಿಯನ್ನು ತರುವ ಮುನ್ನ, ಟೆಸ್ಟ್ ಲಂಗಿಗೆ ನಿಮಿಷಕ್ಕೆ 200 ಮಿ.ಲೀ. ಸಿಒ2 ಹರಿಸಿ ಒಳಉಸಿರಿನ ಗೆರೆ ಸೊನ್ನೆಗೆ ಇಳಿಯುತ್ತದೆಯೇ ಎಂದು ನೋಡಿಕೊಳ್ಳಿ.